ಕಪ್ಪು ಕ್ರೋಮಿಯಂ ಲೇಪ: ಬಣ್ಣ ಕೆಟ್ಟಾಗ ಕಾರಣ ಹುಡುಕುವ ಬಗೆ

ಶ್ರೀರಂಗಪಟ್ಟಣದಲ್ಲಾಗಲಿ ಪಾಂಡವಪುರದಲ್ಲಾಗಲಿ ಮಾಳಿಗೆಗಳ ಕಡೆ ಒಮ್ಮೆ ಕಣ್ಣು ಹಾಯಿಸಿ ನೋಡಿ. ದಕ್ಷಿಣಕ್ಕೆ ಮುಖಮಾಡಿ ಓರೆಯಾಗಿ ನಿಂತ ಗಾಜಿನ ಪೆಟ್ಟಿಗೆಗಳು ಅಲ್ಲಲ್ಲಿ ಕಾಣುತ್ತವೆ. ಬಿಸಿಲಿನಿಂದ ಸ್ನಾನದ ನೀರನ್ನು ಕಾಯಿಸುವ ಸಾಧನಗಳಿವು. ಚಪ್ಪಟೆಯಾದ ಪೆಟ್ಟಿಗೆಯಾಗಿದ್ದರೆ ಅದರ ಗಾಜಿನ ಕೆಳಗೆ ಒಂದು ಲೋಹದ ತಗಡಿರುತ್ತದೆ. ಅದರ ಮೈ ಕಾಡಿಗೆಯಂತೆ ಕಪ್ಪಾಗಿರುತ್ತದೆ. ಅನೇಕ ಸಾಧನಗಳಲ್ಲಿ ಈ ಕಪ್ಪು ಬಣ್ಣ ಕುಂಚದಿಂದ ಬಳಿದದ್ದಲ್ಲ, ವಿದ್ಯುತ್ತಿನಿಂದ ಕೂರಿಸಿದ್ದು. ಅದರ ಹೆಸರು ಕಪ್ಪು ಕ್ರೋಮಿಯಂ. ಸ್ನಾನಗೃಹದ ಕರಿಯ ನಲ್ಲಿಗಳಲ್ಲಿ, ಮೋಟಾರು ಬೈಸಿಕಲ್ಲಿನ ಕೆಲವು ಭಾಗಗಳಲ್ಲಿ, ಬೆಳಕು ಅಡ್ಡಾದಿಡ್ಡಿಯಾಗಿ ಪ್ರತಿಫಲಿಸಬಾರದಾದ ದೃಗ್ಯಂತ್ರಗಳ ಒಳಮೈಯಲ್ಲಿ ಕೂಡ ಈ ಲೇಪವನ್ನು ಕಾಣಬಹುದು.

ಈ ಲೇಪವನ್ನು ಮಾಡುವವರಿಗೆ ಒಂದು ಕಷ್ಟ ಪದೇ ಪದೇ ಎದುರಾಗುತ್ತದೆ. ನಿನ್ನೆ ಇದ್ದಿಲಿನಂತೆ ಬಂದ ಬಣ್ಣ ಇಂದು ಬೂದಿಯಂತೆ ಬರುತ್ತದೆ, ಇಲ್ಲವೆ ಕಂದಾಗುತ್ತದೆ, ಇಲ್ಲವೆ ತಟ್ಟೆಯ ಒಂದು ಮೂಲೆಯಲ್ಲಿ ಕಾಮನಬಿಲ್ಲು ಮೂಡುತ್ತದೆ. ತೊಟ್ಟಿ ಅದೇ, ದ್ರಾವಣ ಅದೇ, ಕೆಲಸಗಾರನೂ ಅವನೇ. ಹಾಗಾದರೆ ಬದಲಾದದ್ದು ಏನು? ಇದನ್ನು ಹುಡುಕುವ ಕ್ರಮವೇ ಈ ಲೇಖನದ ವಿಷಯ. ಕಾಲೇಜಿನಲ್ಲಿ ಓದುವ ವಿದ್ಯುದ್ವಿಶ್ಲೇಷಣೆ, ಶಾಖದ ಲೆಕ್ಕ, ಬೆಳಕಿನ ವ್ಯತಿಕರಣ ಇವೆಲ್ಲವೂ ಒಂದೇ ತೊಟ್ಟಿಯಲ್ಲಿ ಕೆಲಸಕ್ಕೆ ಬರುವುದನ್ನು ಇಲ್ಲಿ ಓದುಗರು ನೋಡಬಹುದು.

ನೆರೆಯ ನೆಲದ ಲೋಹ

ಕ್ರೋಮಿಯಂ ಮಂಡ್ಯದ ಸೀಮೆಗೆ ಅಪರಿಚಿತವಾದ ಲೋಹವಲ್ಲ. ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಿಗೆ ತಾಗಿಕೊಂಡಿರುವ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ನುಗ್ಗೇಹಳ್ಳಿ ಎಂಬ ಊರಿದೆ. ಹೊಯ್ಸಳರ ಕಾಲದ ದೇವಾಲಯಕ್ಕಾಗಿ ಅದನ್ನು ಬಲ್ಲವರು ಬಹಳ. ಭೂವಿಜ್ಞಾನಿಗಳಾದರೋ ಅದನ್ನು ಬೇರೊಂದು ಕಾರಣಕ್ಕಾಗಿ ಬಲ್ಲರು. ಆ ಊರಿನ ಹೆಸರನ್ನು ಹೊತ್ತ ಪುರಾತನ ಶಿಲಾಪಟ್ಟಿಯಲ್ಲಿ ಕ್ರೋಮೈಟ್ ಎಂಬ ಕರಿಯ ಅದಿರು ದೊರೆಯುತ್ತದೆ. ಬೈರಾಪುರದ ಗಣಿ ಅಲ್ಲಿಯದೇ. ಮೈಸೂರಿನ ಸಮೀಪದ ಸಿಂಧುವಳ್ಳಿಯಲ್ಲಿಯೂ ಕ್ರೋಮೈಟನ್ನು ಅಗೆದಿದ್ದಾರೆ. ಕಬ್ಬಿಣ, ಕ್ರೋಮಿಯಂ ಮತ್ತು ಆಮ್ಲಜನಕಗಳ ಸಂಯುಕ್ತವೇ ಈ ಅದಿರು.

ಲೋಹವನ್ನು ಮೊದಲು ಗುರುತಿಸಿದವನು ಫ್ರಾನ್ಸಿನ ರಸಾಯನಜ್ಞ ವೋಕ್ಲೆಂ. 1797ರಲ್ಲಿ ಸೈಬೀರಿಯದಿಂದ ಬಂದ ಕೆಂಪು ಸೀಸದ ಅದಿರನ್ನು ಪರೀಕ್ಷಿಸುತ್ತಿದ್ದಾಗ ಅವನಿಗೆ ಈ ಹೊಸ ಧಾತುವಿನ ಸುಳಿವು ದೊರೆಯಿತು. ಅದರ ಸಂಯುಕ್ತಗಳು ಕೆಂಪು, ಕಿತ್ತಳೆ, ಹಳದಿ, ಹಸುರು, ನೀಲಿ ಎಂದು ಬಗೆಬಗೆಯ ಬಣ್ಣ ತೋರಿದ್ದರಿಂದ ಗ್ರೀಕ್ ಭಾಷೆಯಲ್ಲಿ ಬಣ್ಣ ಎಂಬ ಅರ್ಥ ಕೊಡುವ ಪದದಿಂದ ಅದಕ್ಕೆ ಹೆಸರು ಬಂದಿತು. ಮಾಣಿಕ್ಯದ ಕೆಂಪು, ಪಚ್ಚೆಯ ಹಸುರು ಎರಡೂ ಅತ್ಯಲ್ಪ ಪ್ರಮಾಣದ ಕ್ರೋಮಿಯಮ್ಮಿನ ಕೊಡುಗೆ. ಹೆಸರಿನಲ್ಲಿಯೇ ಬಣ್ಣವನ್ನು ಹೊತ್ತಿರುವ ಈ ಧಾತು ಲೇಪನದ ತೊಟ್ಟಿಯಲ್ಲಿಯೂ ಬಣ್ಣದ ಮೂಲಕವೇ ತನ್ನ ಕ್ಷೇಮಸಮಾಚಾರವನ್ನು ತಿಳಿಸುತ್ತದೆ.

ತೊಟ್ಟಿಯಲ್ಲಿ ನಡೆಯುವುದೇನು?

ಸಾಮಾನ್ಯವಾದ ಹೊಳೆಯುವ ಕ್ರೋಮಿಯಂ ಲೇಪವನ್ನು ಮೊದಲು ತಿಳಿದುಕೊಳ್ಳೋಣ. ಕ್ರೋಮಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸಿದಾಗ ಕಿತ್ತಳೆಗೆಂಪಿನ ದ್ರಾವಣವಾಗುತ್ತದೆ. ಅದರಲ್ಲಿ ಲೇಪವಾಗಬೇಕಾದ ವಸ್ತುವನ್ನು ಋಣಧ್ರುವವಾಗಿಯೂ, ಸೀಸ ಮತ್ತು ತವರಗಳ ಮಿಶ್ರಲೋಹದ ತಗಡನ್ನು ಧನಧ್ರುವವಾಗಿಯೂ ಇಳಿಬಿಡುತ್ತಾರೆ. ತಾಮ್ರದ ಲೇಪನದಲ್ಲಿ ಧನಧ್ರುವವೇ ಕರಗಿ ಋಣಧ್ರುವಕ್ಕೆ ಹೋಗುವುದನ್ನು ನೀವು ಓದಿದ್ದೀರಿ. ಇಲ್ಲಿ ಹಾಗಲ್ಲ. ಸೀಸ ಕರಗುವುದಿಲ್ಲ, ಕ್ರೋಮಿಯಂ ದ್ರಾವಣದಿಂದಲೇ ಬರಬೇಕು.

ದ್ರಾವಣದಲ್ಲಿ ಕ್ರೋಮಿಯಂ ಷಡ್ವೇಲೆನ್ಸಿ ಸ್ಥಿತಿಯಲ್ಲಿರುತ್ತದೆ. ಒಂದು ಪರಮಾಣು ಲೋಹವಾಗಲು ಆರು ಎಲೆಕ್ಟ್ರಾನುಗಳನ್ನು ಪಡೆಯಬೇಕು. ಈ ದಾರಿಯಲ್ಲಿ ತ್ರಿವೇಲೆನ್ಸಿ ಸ್ಥಿತಿಯೂ ಕಾಣಿಸಿಕೊಳ್ಳುತ್ತದೆ. ಹರಿಸಿದ ವಿದ್ಯುತ್ತಿನ ಬಹುಭಾಗ ಲೋಹವನ್ನು ಕೂರಿಸುವುದಕ್ಕೆ ಬಳಕೆಯಾಗದೆ ಜಲಜನಕದ ಗುಳ್ಳೆಗಳನ್ನು ಎಬ್ಬಿಸುವುದರಲ್ಲಿ ವ್ಯಯವಾಗುತ್ತದೆ. ಬರಿಯ ಕ್ರೋಮಿಕ್ ಆಮ್ಲದಿಂದ ಹೊಳೆಯುವ ಲೇಪ ದೊರೆಯುವುದಿಲ್ಲವೆಂಬುದು ವಿಶೇಷ. ನೂರು ಭಾಗ ಕ್ರೋಮಿಕ್ ಆಮ್ಲಕ್ಕೆ ಸುಮಾರು ಒಂದು ಭಾಗ ಸಲ್ಫೇಟು ಸೇರಿರಬೇಕು. ಈ ಪ್ರಮಾಣದ ಮಹತ್ವವನ್ನು 1920ರ ದಶಕದಲ್ಲಿ ಅಮೆರಿಕದ ಕಾಲಿನ್ ಫಿಂಕ್ ಮತ್ತು ಅವನ ಸಂಗಡಿಗರು ಸ್ಥಾಪಿಸಿದ ಬಳಿಕವೇ ಕ್ರೋಮಿಯಂ ಲೇಪನ ದೊಡ್ಡ ಉದ್ಯಮವಾಯಿತು.

ಕಪ್ಪು ಲೇಪದ ವಿಚಾರದಲ್ಲಿ ಇದೇ ಸಲ್ಫೇಟು ವೈರಿ. ಇಲ್ಲಿ ಸಲ್ಫೇಟನ್ನು ಆದಷ್ಟು ಪೂರ್ತಿಯಾಗಿ ತೆಗೆದುಹಾಕಿ, ಅದರ ಬದಲು ಫ್ಲುಯೋಸಿಲಿಸಿಕ್ ಆಮ್ಲ, ಅಸಿಟಿಕ್ ಆಮ್ಲ, ನೈಟ್ರೇಟು ಮುಂತಾದ ಬೇರೆ ಸಹಾಯಕಗಳನ್ನು ಆಯಾ ವಿಧಾನಕ್ಕೆ ತಕ್ಕಂತೆ ಸೇರಿಸುತ್ತಾರೆ. ಲೀಟರಿಗೆ 250ರಿಂದ 400 ಗ್ರಾಂ ಕ್ರೋಮಿಕ್ ಆಮ್ಲ, ಚದರ ಡೆಸಿಮೀಟರಿಗೆ 20 ಆಂಪಿಯರ್ ಅಥವಾ ಅದಕ್ಕೂ ಹೆಚ್ಚಿನ ಪ್ರವಾಹ, ಕೆಲವೇ ನಿಮಿಷಗಳ ಅವಧಿ: ಇದು ಸ್ಥೂಲವಾದ ಪಾಕ. ಹೊಳೆಯುವ ಲೇಪಕ್ಕೆ ದ್ರಾವಣ ಬೆಚ್ಚಗಿರಬೇಕು. ಕಪ್ಪು ಲೇಪಕ್ಕಾದರೋ ತಣ್ಣಗಿರಬೇಕು. ಬಹುಮಟ್ಟಿನ ದ್ರಾವಣಗಳಲ್ಲಿ 25ರಿಂದ 30 ಡಿಗ್ರಿ ಸೆಂಟಿಗ್ರೇಡನ್ನು ಮೀರಿದರೆ ಬಣ್ಣ ಕೆಡುತ್ತದೆ.

ಕಪ್ಪಾಗುವುದು ಹೇಗೆ?

ಕ್ರೋಮಿಯಂ ಲೋಹ ಸ್ವಭಾವತಃ ಬೆಳ್ಳಗೆ ಹೊಳೆಯುವಂಥದು. ಅದು ಕಪ್ಪಾಗಿ ಕಾಣಬೇಕಾದರೆ ಅದರ ರಚನೆ ಬೇರೆಯಾಗಬೇಕು. ಕಪ್ಪು ಲೇಪದಲ್ಲಿ ಲೋಹದ ಅತಿ ಸೂಕ್ಷ್ಮ ಕಣಗಳು ಕ್ರೋಮಿಯಂ ಆಕ್ಸೈಡಿನ ನಡುವೆ ಹುದುಗಿರುತ್ತವೆ. ಮೇಲ್ಮೈ ಕೂಡ ಒರಟಾಗಿರುತ್ತದೆ. ಅದರೊಳಕ್ಕೆ ಹೊಕ್ಕ ಬೆಳಕು ಕಣದಿಂದ ಕಣಕ್ಕೆ ಬಡಿದು, ಸ್ವಲ್ಪಸ್ವಲ್ಪವಾಗಿ ಹೀರಲ್ಪಟ್ಟು, ಹೊರಬರುವ ದಾರಿ ಕಾಣದೆ ನಂದಿಹೋಗುತ್ತದೆ. ದೀಪದ ಮಸಿ ಕಪ್ಪಾಗಿ ಕಾಣುವುದರಲ್ಲಿಯೂ ಹೀಗೆ ಬೆಳಕು ಸಿಕ್ಕಿಬೀಳುವುದುಂಟು.

ಇದರಿಂದ ಒಂದು ಮುಖ್ಯ ತತ್ತ್ವ ಹೊರಡುತ್ತದೆ. ಕಪ್ಪು ಎಂಬುದು ಇಲ್ಲಿ ಒಂದು ಬಣ್ಣದ ಪದಾರ್ಥವಲ್ಲ. ಲೋಹ ಮತ್ತು ಆಕ್ಸೈಡುಗಳ ಒಂದು ಹದ. ಲೋಹದ ಪಾಲು ಹೆಚ್ಚಾಗಿ ಕಣಗಳು ಒಂದಕ್ಕೊಂದು ಬೆಸೆದುಕೊಂಡರೆ ಬೂದುಬಣ್ಣ. ಪದರ ತೆಳುವಾದರೆ ಕಾಮನಬಿಲ್ಲು. ಹದ ತಪ್ಪಿದ ಆಕ್ಸೈಡು ಮೇಲೆ ಕೂತರೆ ಕಂದು. ಹೀಗೆ ಕೆಟ್ಟ ಬಣ್ಣವೇ ಕಾರಣದ ಕಡೆಗೆ ಬೆರಳು ತೋರಿಸುತ್ತದೆ.

ಒಂದು ಪ್ರಸಂಗ

ಈಗ ಕೃಷ್ಣರಾಜಪೇಟೆಯಲ್ಲಿ ಒಂದು ಚಿಕ್ಕ ಕಾರ್ಯಾಗಾರವಿದೆಯೆಂದು ಊಹಿಸಿಕೊಳ್ಳೋಣ. ಅಲ್ಲಿ 100 ಲೀಟರಿನ ಒಂದು ತೊಟ್ಟಿ. ನಿಕ್ಕಲ್ ಲೇಪವಾದ ತಗಡುಗಳ ಮೇಲೆ ಕಪ್ಪು ಕ್ರೋಮಿಯಂ ಕೂರಿಸುವುದು ಕೆಲಸ. ಕಾಲ ಏಪ್ರಿಲ್ ತಿಂಗಳು. ಬೆಳಗಿನ ಮೊದಲ ಎರಡು ಮೂರು ತಗಡುಗಳು ಚೆನ್ನಾಗಿ ಕಪ್ಪಾಗಿ ಬರುತ್ತವೆ. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಬೂದಿ. ಕೆಲಸಗಾರನು ಪ್ರವಾಹವನ್ನು ಹೆಚ್ಚಿಸುತ್ತಾನೆ, ಬಣ್ಣ ಸರಿಹೋಗದು. ಇನ್ನಷ್ಟು ಕ್ರೋಮಿಕ್ ಆಮ್ಲ ಸುರಿಯುತ್ತಾನೆ, ಆಗಲೂ ಸರಿಹೋಗದು. ಸಂಜೆಗೆ ಹತ್ತು ತಗಡು ಹಾಳು. ತೊಟ್ಟಿಯ ಸ್ಥಿತಿ ಏನೆಂಬುದೂ ಈಗ ತಿಳಿಯದು.

ಅವನ ತಪ್ಪು ಎಲ್ಲಿದೆ? ಕಾರಣವನ್ನು ಹುಡುಕುವ ಮೊದಲೇ ಪರಿಹಾರಗಳನ್ನು ಒಂದರ ಮೇಲೊಂದು ಹಾಕಿದ್ದು ಮೊದಲನೆಯ ತಪ್ಪು. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕು, ಉಳಿದೆಲ್ಲವನ್ನೂ ಇದ್ದಂತೆಯೇ ಇಡಬೇಕು. ಇದು ಪ್ರಯೋಗವಿಜ್ಞಾನದ ಮೊದಲ ಪಾಠ. ತೊಟ್ಟಿಯ ಮುಂದೆ ನಿಂತವನು ಅದನ್ನು ಮರೆತರೆ ಬೆಲೆ ತೆರಬೇಕಾಗುತ್ತದೆ.

ಬೆಳಗಿಗೂ ಮಧ್ಯಾಹ್ನಕ್ಕೂ ನಡುವೆ ಬದಲಾದದ್ದು ಏನೆಂದು ಲೆಕ್ಕ ಹಾಕೋಣ. ತಗಡಿನ ಮೇಲ್ಮೈ 20 ಚದರ ಡೆಸಿಮೀಟರ್ ಇರಲಿ. ಚದರ ಡೆಸಿಮೀಟರಿಗೆ 20 ಆಂಪಿಯರಿನಂತೆ 400 ಆಂಪಿಯರ್ ಬೇಕು. ವಿದ್ಯುದ್ಬಲ 10 ವೋಲ್ಟ್ ಆದರೆ ಸಾಮರ್ಥ್ಯ 4,000 ವಾಟ್. ಐದು ನಿಮಿಷ, ಅಂದರೆ 300 ಸೆಕೆಂಡುಗಳಲ್ಲಿ ತೊಟ್ಟಿಗೆ ಇಳಿಯುವ ಶಕ್ತಿ 12 ಲಕ್ಷ ಜೂಲ್. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4,200 ಜೂಲ್ ಬೇಕಾಗುವುದರಿಂದ 100 ಲೀಟರಿಗೆ 4 ಲಕ್ಷದ 20 ಸಾವಿರ ಬೇಕು. ಶಕ್ತಿಯ ಬಹುಭಾಗ ಶಾಖವಾಗುತ್ತದೆಯಾಗಿ, ಒಂದೊಂದು ತಗಡಿಗೂ ದ್ರಾವಣ ಎರಡು ಮೂರು ಡಿಗ್ರಿ ಏರುತ್ತದೆ. ಬೆಳಿಗ್ಗೆ 24 ಡಿಗ್ರಿ ಇದ್ದ ದ್ರಾವಣ ಐದು ತಗಡುಗಳಾಗುವಷ್ಟರಲ್ಲಿ 35ನ್ನು ದಾಟುವುದರಲ್ಲಿ ಆಶ್ಚರ್ಯವಿಲ್ಲ. ಹೊರಗೆ ಬೇಸಗೆಯ ಬಿಸಿಲು. ತೊಟ್ಟಿ ತಾನಾಗಿ ತಣಿಯುವ ಮಾತೇ ಇಲ್ಲ. ಪ್ರವಾಹವನ್ನು ಹೆಚ್ಚಿಸಿದ್ದರಿಂದ ಶಾಖವೂ ಹೆಚ್ಚಿತು. ಔಷಧವೇ ರೋಗವನ್ನು ಬೆಳೆಸಿತು.

ಊಹೆಯನ್ನು ಪರೀಕ್ಷಿಸುವುದು ಸುಲಭ. ಕೆಟ್ಟ ದ್ರಾವಣದಿಂದ ಸ್ವಲ್ಪವನ್ನು ಗಾಜಿನ ಪಾತ್ರೆಗೆ ತೆಗೆದು, ಪಾತ್ರೆಯನ್ನು ಮಂಜುಗಡ್ಡೆಯ ನೀರಿನಲ್ಲಿ ನಿಲ್ಲಿಸಿ 22 ಡಿಗ್ರಿಗೆ ಇಳಿಸಿ, ಒಂದು ಚಿಕ್ಕ ತುಂಡಿಗೆ ಲೇಪ ಕೊಡಬೇಕು. ಕಪ್ಪು ಮರಳಿದರೆ ಉಷ್ಣತೆಯೇ ಅಪರಾಧಿ. ತೊಟ್ಟಿಗೆ ತಣ್ಣೀರಿನ ಸುರುಳಿ ಕೊಳವೆಯನ್ನು ಇಳಿಸಿದರೆ ಸಾಕು. ತಣ್ಣಗಾದರೂ ಕಂದೋ ಬೂದೋ ಉಳಿದರೆ ಆಗ ಮುಂದಿನ ಶಂಕಿತನ ಕಡೆಗೆ ತಿರುಗಬೇಕು.

ಸಲ್ಫೇಟು ಎಲ್ಲಿಂದ ಬಂದಿತು?

ಮುಂದಿನ ಶಂಕಿತ ಸಲ್ಫೇಟು. ದ್ರಾವಣಕ್ಕೆ ಯಾರೂ ಅದನ್ನು ಹಾಕಲಿಲ್ಲ. ಆದರೂ ಅದು ಬರುತ್ತದೆ. ದಾರಿಗಳು ಮುಖ್ಯವಾಗಿ ಮೂರು.

ಮೊದಲನೆಯದು ಕ್ರೋಮಿಕ್ ಆಮ್ಲದಲ್ಲಿಯೇ ಇರುವ ಕಲ್ಮಷ. ಅಗ್ಗದ ಸರಕಿನಲ್ಲಿ ಸಲ್ಫೇಟು ಉಳಿದಿರಬಹುದು. ಎರಡನೆಯದು ನೀರು. ಕಾವೇರಿ, ಹೇಮಾವತಿಗಳ ನಾಲೆಯ ನೀರಿಗೂ ನಾಗಮಂಗಲದಂಥ ಮಳೆಯಾಶ್ರಯದ ಬಯಲಿನ ಕೊಳವೆ ಬಾವಿಯ ನೀರಿಗೂ ಲವಣಗಳ ಪ್ರಮಾಣದಲ್ಲಿ ವ್ಯತ್ಯಾಸವಿರುವುದು ಸಹಜ. ಕುಡಿಯಲು ಯೋಗ್ಯವಾದ ನೀರೂ ಲೇಪನಕ್ಕೆ ಯೋಗ್ಯವಾಗಿರಬೇಕೆಂದಿಲ್ಲ. ತೊಟ್ಟಿಯ ನೀರು ಪ್ರತಿದಿನ ಆರುತ್ತದೆ, ಲವಣಗಳು ಆರುವುದಿಲ್ಲ. ಆರಿದಷ್ಟನ್ನು ಮತ್ತೆ ಬಾವಿಯ ನೀರಿನಿಂದಲೇ ತುಂಬುತ್ತ ಹೋದರೆ ಸಲ್ಫೇಟು, ಕ್ಲೋರೈಡುಗಳು ತಿಂಗಳಿಂದ ತಿಂಗಳಿಗೆ ಸಂಗ್ರಹವಾಗುತ್ತವೆ. ಆದುದರಿಂದ ಭಟ್ಟಿ ಇಳಿಸಿದ ನೀರನ್ನೋ ಲವಣ ತೆಗೆದ ನೀರನ್ನೋ ಬಳಸಬೇಕು.

ಮೂರನೆಯ ದಾರಿಯೇ ಹೆಚ್ಚು ಮೋಸದ್ದು. ನಿಕ್ಕಲ್ ಲೇಪ ಗಾಳಿಗೆ ನಿಂತರೆ ಅದರ ಮೇಲೆ ಕಾಣದಷ್ಟು ತೆಳುವಾದ ಆಕ್ಸೈಡಿನ ಪೊರೆ ಕೂರುತ್ತದೆ. ಅದನ್ನು ತೆಗೆಯಲು ತಗಡನ್ನು ಸಾರರಿಕ್ತ ಗಂಧಕಾಮ್ಲದಲ್ಲಿ ಅದ್ದುವುದು ವಾಡಿಕೆ. ಬಳಿಕ ತೊಳೆದು ಕ್ರೋಮಿಯಂ ತೊಟ್ಟಿಗೆ ಇಳಿಸುತ್ತಾರೆ. ತೊಳೆಯುವ ನೀರನ್ನು ದಿನಗಟ್ಟಲೆ ಬದಲಿಸದೆ ಬಿಟ್ಟರೆ ಅದೂ ಗಂಧಕಾಮ್ಲವೇ ಆಗುತ್ತದೆ. ಲೀಟರಿಗೆ 100 ಗ್ರಾಂ ಆಮ್ಲವಿರುವ ದ್ರವದ 10 ಮಿಲಿಲೀಟರನ್ನು ಒಂದು ತಗಡು ತನ್ನ ಮೈಗೆ ಅಂಟಿಸಿಕೊಂಡು ತೊಳೆಯದೆಯೇ ಬಂದರೆ ಅದರೊಂದಿಗೆ ಒಂದು ಗ್ರಾಂ ಆಮ್ಲ ಬಂದಂತಾಯಿತು. ಮೂವತ್ತು ತಗಡುಗಳಿಗೆ 30 ಗ್ರಾಂ. 100 ಲೀಟರಿನ ತೊಟ್ಟಿಯಲ್ಲಿ ಇದು ಲೀಟರಿಗೆ 0.3 ಗ್ರಾಂ, ಬಣ್ಣವನ್ನು ಕೆಡಿಸಲು ಧಾರಾಳವಾಗಿ ಸಾಕು. ಶುದ್ಧಿಗೆಂದು ಮಾಡಿದ ಕೆಲಸವೇ ಅಶುದ್ಧಿಯನ್ನು ಹೊತ್ತು ತಂದಿತು.

ಪರಿಹಾರ ಬೇರಿಯಂ ಕಾರ್ಬೊನೇಟು. ಅದು ಸಲ್ಫೇಟನ್ನು ಹಿಡಿದು, ಕರಗದ ಬೇರಿಯಂ ಸಲ್ಫೇಟಾಗಿ ತಳಕ್ಕೆ ಇಳಿಸುತ್ತದೆ. ಎಷ್ಟು ಬೇಕು? ಬೇರಿಯಂ ಕಾರ್ಬೊನೇಟಿನ ಅಣುತೂಕ 197, ಸಲ್ಫೇಟಿನದು 96. ಆದುದರಿಂದ ಒಂದು ಗ್ರಾಂ ಸಲ್ಫೇಟಿಗೆ ಸುಮಾರು ಎರಡು ಗ್ರಾಂ. ಮೇಲಿನ ಉದಾಹರಣೆಯ 30 ಗ್ರಾಮಿಗೆ ಸುಮಾರು 60 ಗ್ರಾಂ. ಇಡೀ ತೊಟ್ಟಿಗೆ ಹಾಕುವ ಮೊದಲು ಒಂದು ಲೀಟರಿನಲ್ಲಿ ಪರೀಕ್ಷಿಸಿ, ಸೋಸಿ, ಲೇಪ ಕೊಟ್ಟು ನೋಡಬೇಕು. ಕಪ್ಪು ಮರಳಿದರೆ ನಿದಾನ ಸರಿ. ಮರಳದಿದ್ದರೆ ತೊಟ್ಟಿಗೆ ವೃಥಾ ಒಂದು ಪದಾರ್ಥವನ್ನು ಸೇರಿಸುವ ತಪ್ಪಾದರೂ ತಪ್ಪಿತು. ಬೇರಿಯಂ ಕಾರ್ಬೊನೇಟು ವಿಷವೆಂಬುದನ್ನು ಮರೆಯಬಾರದು.

ಬಣ್ಣಗಳ ಭಾಷೆ

ಇನ್ನುಳಿದ ದೋಷಗಳನ್ನು ಅನುಕ್ರಮವಾಗಿ ನೋಡೋಣ.

ಕಾಮನಬಿಲ್ಲಿನ ಬಣ್ಣಗಳು: ನಸುಹಳದಿ, ನೇರಳೆ, ನೀಲಿ ಛಾಯೆಗಳು ಪಟ್ಟೆಪಟ್ಟೆಯಾಗಿ ಕಾಣಿಸಿದರೆ ಅಲ್ಲಿ ಲೇಪ ತೀರ ತೆಳುವಾಗಿದೆಯೆಂದು ಅರ್ಥ. ತೆಳುಪೊರೆಯ ಮೇಲಿನ ಮೈಯಿಂದಲೂ ಕೆಳಗಿನ ಮೈಯಿಂದಲೂ ಹಿಂದಿರುಗುವ ಬೆಳಕಿನ ಅಲೆಗಳು ಒಂದನ್ನೊಂದು ಕೂಡಿ ಕಳೆದು ಈ ಬಣ್ಣಗಳನ್ನುಂಟುಮಾಡುತ್ತವೆ. ಸಾಬೂನಿನ ಗುಳ್ಳೆಯಲ್ಲಿ, ಮಳೆಯಲ್ಲಿ ನೆನೆದ ರಸ್ತೆಯ ಮೇಲೆ ಚೆಲ್ಲಿದ ಎಣ್ಣೆಯಲ್ಲಿ ಇದನ್ನೇ ಕಾಣುತ್ತೇವೆ. ಕುಡುಗೋಲಿಗೆ ಹದ ಕೊಡುವ ಕಮ್ಮಾರನು ಉಕ್ಕು ಹುಲ್ಲಿನ ಹಳದಿಯಿಂದ ನೀಲಿಗೆ ತಿರುಗುವುದನ್ನು ನೋಡಿ ಕಾವನ್ನು ಅಳೆಯುತ್ತಾನಲ್ಲವೆ? ಅದೂ ಆಕ್ಸೈಡು ಪೊರೆಯ ಇದೇ ಆಟ. ತೊಟ್ಟಿಯಲ್ಲಿ ತಗಡಿನ ಒಳಮೂಲೆಗಳಿಗೆ, ಧನಧ್ರುವದಿಂದ ದೂರವಾದ ಭಾಗಗಳಿಗೆ ಪ್ರವಾಹ ಸಾಲದಾದಾಗ ಇದು ತೋರುತ್ತದೆ. ಧನಧ್ರುವವನ್ನು ಸರಿಯಾದ ಸ್ಥಾನಕ್ಕೆ ತರುವುದು, ತಂತಿಗಳ ಕೊಂಡಿಯನ್ನು ಬಿಗಿಮಾಡುವುದು, ಅವಧಿಯನ್ನು ಹೆಚ್ಚಿಸುವುದು ಉಪಾಯಗಳು.

ಅಂಚಿನಲ್ಲಿ ಪುಡಿ: ತಗಡಿನ ಚೂಪಾದ ಅಂಚುಗಳಲ್ಲಿ ಪ್ರವಾಹ ದಟ್ಟೈಸುತ್ತದೆ. ಅಲ್ಲಿ ಲೇಪ ಸುಟ್ಟಂತಾಗಿ ಪುಡಿಯಾಗಿ ಉದುರುತ್ತದೆ. ಪ್ರವಾಹವನ್ನು ತಗ್ಗಿಸಬೇಕು, ಇಲ್ಲವೆ ಅಂಚಿನ ಪಕ್ಕದಲ್ಲಿ ಒಂದು ತಂತಿಯನ್ನು ನಿಲ್ಲಿಸಿ, ಹೆಚ್ಚಿನ ಪ್ರವಾಹವನ್ನು ಅದು ಕುಡಿಯುವಂತೆ ಮಾಡಬೇಕು.

ಕಂದುಬಣ್ಣ: ಮೊದಲು ಒಣಗಿದ ಬಿಳಿಯ ಬಟ್ಟೆಯಿಂದ ಉಜ್ಜಿ ನೋಡಬೇಕು. ಕಂದು ಬಟ್ಟೆಗೆ ಹತ್ತಿ ಕೆಳಗೆ ಕಪ್ಪು ಕಂಡರೆ ಅದು ಮೇಲಿನ ಮಸಿ ಮಾತ್ರ, ದೋಷ ಅಲ್ಪ. ಉಜ್ಜಿದರೂ ಕಂದು ಹೋಗದಿದ್ದರೆ ಸಲ್ಫೇಟು, ಕಡಿಮೆ ಪ್ರವಾಹ, ಅಥವಾ ತ್ರಿವೇಲೆನ್ಸಿ ಕ್ರೋಮಿಯಮ್ಮಿನ ಪ್ರಮಾಣ ಕೆಟ್ಟಿರುವುದನ್ನು ಶಂಕಿಸಬೇಕು. ಕೊನೆಯದಕ್ಕೆ ಧನಧ್ರುವವನ್ನು ಎತ್ತಿ ನೋಡುವುದೇ ಒಳ್ಳೆಯ ಪರೀಕ್ಷೆ. ಆರೋಗ್ಯವಾದ ಸೀಸದ ಮೇಲೆ ಗಾಢ ಕಂದಿನ ಸೀಸದ ಪೆರಾಕ್ಸೈಡು ಕೂತಿರುತ್ತದೆ; ತ್ರಿವೇಲೆನ್ಸಿ ಕ್ರೋಮಿಯಮ್ಮನ್ನು ಮತ್ತೆ ಷಡ್ವೇಲೆನ್ಸಿಗೆ ಏರಿಸುವುದು ಅದರ ಕೆಲಸ. ತೊಟ್ಟಿಯನ್ನು ಕೆಲಸವಿಲ್ಲದೆ ಬಿಟ್ಟರೆ ಸೀಸದ ಮೇಲೆ ಹಳದಿಯ ಸೀಸದ ಕ್ರೋಮೇಟು ಬೆಳೆಯುತ್ತದೆ. ಅದು ವಿದ್ಯುತ್ತನ್ನು ತಡೆಯುತ್ತದೆ. ಹಳದಿ ಕಂಡರೆ ಧನಧ್ರುವವನ್ನು ತೇವವಾಗಿರುವಾಗಲೇ ತಿಕ್ಕಿ ತೊಳೆದು, ಬೇಡವಾದ ತಗಡೊಂದನ್ನು ಎದುರಿಗೆ ಕಟ್ಟಿ ಕೆಲಕಾಲ ಪ್ರವಾಹ ಹರಿಸಬೇಕು.

ಮಂಕು ಮಚ್ಚೆ ಮತ್ತು ಸುಲಿಯುವಿಕೆ: ಉಜ್ಜಿದಾಗ ಕಪ್ಪೇ ಕಿತ್ತುಬಂದು ನಿಕ್ಕಲ್ ಹೊಳೆದರೆ ದೋಷ ತೊಟ್ಟಿಯದಲ್ಲ, ಅದರ ಹಿಂದಿನ ಶುದ್ಧೀಕರಣದ್ದು. ಎಣ್ಣೆಯ ಜಿಡ್ಡೋ ನಿಕ್ಕಲ್ ಮೇಲಿನ ಪೊರೆಯೋ ಉಳಿದಿದೆ. ಲೇಪನದ ನಡುವೆ ವಿದ್ಯುತ್ತು ನಿಂತು ಮತ್ತೆ ಬಂದರೂ ಎರಡನೆಯ ಪದರ ಮೊದಲನೆಯದಕ್ಕೆ ಸರಿಯಾಗಿ ಹತ್ತುವುದಿಲ್ಲ. ವಿದ್ಯುತ್ತು ಹಠಾತ್ತಾಗಿ ನಿಲ್ಲುವ ಊರುಗಳಲ್ಲಿ ಇದನ್ನು ನೆನಪಿನಲ್ಲಿಡುವುದು ಅವಶ್ಯ. 1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದ ಜಿಲ್ಲೆಯಲ್ಲಿಯೂ ತೊಟ್ಟಿಗೆ ಬೇಕಾದುದು ಬರಿಯ ವಿದ್ಯುತ್ತಲ್ಲ, ಎಡೆಬಿಡದ ವಿದ್ಯುತ್ತು.

ಇವೆಲ್ಲವನ್ನೂ ಒಂದೇ ತಟ್ಟೆಯಲ್ಲಿ ನೋಡಲು ಒಂದು ಸೊಗಸಾದ ಉಪಕರಣವಿದೆ. ಅಮೆರಿಕದ ಹಲ್ ಎಂಬಾತನು 1930ರ ದಶಕದಲ್ಲಿ ರೂಪಿಸಿದ್ದರಿಂದ ಅದಕ್ಕೆ ಹಲ್ ಕೋಶವೆಂದು ಹೆಸರು. 267 ಮಿಲಿಲೀಟರ್ ದ್ರಾವಣ ಹಿಡಿಯುವ ಈ ಚಿಕ್ಕ ಪೆಟ್ಟಿಗೆಯಲ್ಲಿ ಋಣಧ್ರುವದ ತಟ್ಟೆ ಓರೆಯಾಗಿ ನಿಲ್ಲುತ್ತದೆ. ಒಂದು ತುದಿ ಧನಧ್ರುವಕ್ಕೆ ಹತ್ತಿರ, ಇನ್ನೊಂದು ದೂರ. ಆದುದರಿಂದ ಹೆಚ್ಚಿನ ಪ್ರವಾಹದಿಂದ ಕಡಿಮೆ ಪ್ರವಾಹದವರೆಗೆ ಎಲ್ಲ ಮಟ್ಟಗಳ ಫಲವೂ ಒಂದೇ ತಟ್ಟೆಯ ಮೇಲೆ ಮೂಡುತ್ತದೆ: ಇತ್ತ ಪುಡಿ, ನಡುವೆ ಕಪ್ಪು, ಆಚೆ ಕಂದು, ತುದಿಯಲ್ಲಿ ಕಾಮನಬಿಲ್ಲು, ಕೊನೆಗೆ ಬರಿಯ ನಿಕ್ಕಲ್. ನಡುವಿನ ಕಪ್ಪು ಪಟ್ಟಿ ಅಗಲವಾಗಿದ್ದಷ್ಟೂ ತೊಟ್ಟಿಯ ಆರೋಗ್ಯ ಉತ್ತಮ. ವಾರಕ್ಕೊಂದು ತಟ್ಟೆ ತೆಗೆದು ದಿನಾಂಕ ಬರೆದಿಟ್ಟರೆ ಪಟ್ಟಿ ಕಿರಿದಾಗುತ್ತಿರುವುದು ಕಣ್ಣಿಗೆ ಬೀಳುತ್ತದೆ. ಬಣ್ಣ ಕೆಡುವುದಕ್ಕೆ ಮುಂಚೆಯೇ ಎಚ್ಚರ ದೊರೆಯುತ್ತದೆ.

ಕಣ್ಣಿಗೆ ಕಪ್ಪು, ಬಿಸಿಲಿಗೆ ಕಪ್ಪು

ಬಣ್ಣಕ್ಕಾಗಿ ಇಷ್ಟೊಂದು ಶ್ರಮವೇಕೆ, ಕಪ್ಪು ಬಣ್ಣವನ್ನು ಬಳಿದರೆ ಸಾಲದೆ ಎಂದು ಕೇಳಬಹುದು. ನಲ್ಲಿಯ ಅಂದಕ್ಕೆ ಸಾಕಾದೀತು. ಬಿಸಿಲಿನ ಕೆಲಸಕ್ಕೆ ಸಾಲದು. ಕಾದ ತಗಡು ಶಾಖವನ್ನು ಹೀರುವುದಷ್ಟೇ ಅಲ್ಲ, ಹೊರಸೂಸುವುದೂ ಉಂಟು. 80 ಡಿಗ್ರಿಗೆ ಕಾದ ಪರಿಪೂರ್ಣ ಕಪ್ಪು ಮೈ 27 ಡಿಗ್ರಿಯ ಪರಿಸರಕ್ಕೆ ಚದರ ಮೀಟರಿಗೆ ಸುಮಾರು 420 ವಾಟ್ ವಿಕಿರಣವನ್ನು ಕಳೆದುಕೊಳ್ಳುತ್ತದೆ. ಬಣ್ಣ ಬಳಿದ ತಗಡು ಇದರ ನೂರಕ್ಕೆ 90 ಪಾಲನ್ನು, ಅಂದರೆ 380 ವಾಟಿನಷ್ಟನ್ನು ಸೂಸುತ್ತದೆ. ಒಳ್ಳೆಯ ಕಪ್ಪು ಕ್ರೋಮಿಯಂ ಸೂಸುವುದು ನೂರಕ್ಕೆ ಸುಮಾರು 10 ಪಾಲು, 42 ವಾಟ್ ಮಾತ್ರ. ನಡುಹಗಲಿನ ಬಿಸಿಲು ಚದರ ಮೀಟರಿಗೆ ಸುಮಾರು 1,000 ವಾಟ್ ಎಂಬುದನ್ನು ನೆನೆದರೆ ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಮೇಲಿನ ಗಾಜು ನಷ್ಟದ ಒಂದು ಭಾಗವನ್ನು ತಡೆಯುತ್ತದೆಯಾದರೂ ವ್ಯತ್ಯಾಸ ಅಳಿಯುವುದಿಲ್ಲ.

ಇದು ಹೇಗೆ ಸಾಧ್ಯ? ಬಿಸಿಲಿನ ಅಲೆಗಳು ಬಹುತೇಕ 0.3ರಿಂದ 2.5 ಮೈಕ್ರೊಮೀಟರ್ ಉದ್ದದವು. ಕಾದ ತಗಡು ಸೂಸುವ ಅಲೆಗಳು 8 ಮೈಕ್ರೊಮೀಟರಿನ ಆಸುಪಾಸಿನವು. ಮೊದಲನೆಯವನ್ನು ಕಪ್ಪು ಪದರ ಹಿಡಿದುಬಿಡುತ್ತದೆ. ಎರಡನೆಯವಕ್ಕೆ ಆ ತೆಳುಪದರ ಬಹುಮಟ್ಟಿಗೆ ಪಾರದರ್ಶಕ. ಅವುಗಳ ಪಾಲಿಗೆ ಇರುವುದು ಕೆಳಗಿನ ಹೊಳೆಯುವ ನಿಕ್ಕಲ್ ಒಂದೇ. ಹೊಳೆಯುವ ಲೋಹ ಶಾಖವನ್ನು ಸೂಸಲು ಜಿಪುಣ. 1955ರಲ್ಲಿ ಇಸ್ರೇಲಿನ ಟಾಬರ್ ಇಂಥ ಆಯ್ದು ಹೀರುವ ಮೈಗಳನ್ನು ವಿವರಿಸಿದನು. ಕಪ್ಪು ಕ್ರೋಮಿಯಂ ಈ ಕೆಲಸಕ್ಕೆ ತಕ್ಕುದೆಂಬುದು 1970ರ ದಶಕದಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಪ್ರಯೋಗಗಳಿಂದ ಖಚಿತವಾಯಿತು.

ಇಲ್ಲೊಂದು ಎಚ್ಚರಿಕೆಯಿದೆ. ಇನ್ನೂ ಕಪ್ಪಾಗಲೆಂದು ಲೇಪನದ ಅವಧಿಯನ್ನು ಹೆಚ್ಚಿಸಿದರೆ ಪದರ ದಪ್ಪವಾಗಿ, ದೀರ್ಘ ಅಲೆಗಳನ್ನೂ ಹೀರತೊಡಗಿ, ಅಷ್ಟೇ ಸೂಸತೊಡಗುತ್ತದೆ. ಕಣ್ಣಿಗೆ ಅದು ಹೆಚ್ಚು ಚೆಲುವು. ನೀರು ಕಾಯಿಸುವುದರಲ್ಲಿ ಹಿಂದು. ಅಂದಕ್ಕಾಗಿ ಮೇಣವನ್ನೋ ಎಣ್ಣೆಯನ್ನೋ ಸವರಿದರೂ ಇದೇ ಗತಿ. ಕಣ್ಣು ಒಳ್ಳೆಯ ಉಪಕರಣವೇ ಸರಿ. ಆದರೆ ಅದು ಕಾಣುವುದು 0.4ರಿಂದ 0.7 ಮೈಕ್ರೊಮೀಟರಿನ ಒಂದು ಕಿರಿದಾದ ಕಿಂಡಿಯಲ್ಲಿ ಮಾತ್ರ. ತಲೆತಲಾಂತರದಿಂದ ವಿಗ್ರಹಗಳನ್ನು ಎರಕ ಹೊಯ್ಯುತ್ತ ಬಂದಿರುವ ನಾಗಮಂಗಲದ ಲೋಹಶಿಲ್ಪಿಗಳು ಕಣ್ಣಿನಿಂದಲೇ ಲೋಹದ ಹದವನ್ನು ಅರಿಯಬಲ್ಲರು. ಬಿಸಿಲಿನ ತಗಡಿಗಾದರೋ ಆ ಕಣ್ಣಿನ ಜೊತೆಗೆ ಅಳತೆಯ ಯಂತ್ರವೂ ಬೇಕು.

ತೊಟ್ಟಿಯಿಂದ ಹೊಳೆಗೆ

ಈವರೆಗೆ ಹೇಳಿದ ದೋಷಗಳಿಂದ ಕೆಡುವುದು ತಗಡು. ಈಗ ಹೇಳುವುದರಿಂದ ಕೆಡುವುದು ಮನುಷ್ಯನ ದೇಹ. ಷಡ್ವೇಲೆನ್ಸಿ ಕ್ರೋಮಿಯಂ ಚರ್ಮವನ್ನು ಕೊರೆದು ಹುಣ್ಣು ಮಾಡುತ್ತದೆ. ತೊಟ್ಟಿಯಿಂದ ಜಲಜನಕದ ಗುಳ್ಳೆಗಳೊಂದಿಗೆ ಏಳುವ ಮಂಜು ಮೂಗಿನ ನಡುಗೋಡೆಯನ್ನು ತೂತುಮಾಡಬಲ್ಲದು. ಬಹುಕಾಲ ಉಸಿರಾಡಿದವರಲ್ಲಿ ಶ್ವಾಸಕೋಶದ ಕ್ಯಾನ್ಸರನ್ನು ಉಂಟುಮಾಡುತ್ತದೆ. ಗಾಳಿಯನ್ನು ಸೆಳೆಯುವ ಯಂತ್ರ, ಕೈಗವಸು, ಕಣ್ಣಿನ ರಕ್ಷೆಗಳಿಲ್ಲದೆ ಈ ಕೆಲಸಕ್ಕೆ ಇಳಿಯಲೇ ಕೂಡದು.

ಹೊರಚೆಲ್ಲಿದ ದ್ರಾವಣದ ಲೆಕ್ಕವನ್ನೂ ಹಾಕೋಣ. ಲೀಟರಿಗೆ 300 ಗ್ರಾಂ ಕ್ರೋಮಿಕ್ ಆಮ್ಲವಿದ್ದರೆ ಅದರಲ್ಲಿ ನೂರಕ್ಕೆ 52ರಂತೆ 156 ಗ್ರಾಂ ಕ್ರೋಮಿಯಂ ಇದೆ. ಭಾರತದ ಮಾನಕದಂತೆ ಕುಡಿಯುವ ನೀರಿನಲ್ಲಿ ಇರಬಹುದಾದ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ. ಭಾಗಿಸಿ ನೋಡಿ: ಒಂದೇ ಒಂದು ಲೀಟರ್ ದ್ರಾವಣ 31 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲದು. ಚರಂಡಿಗೆ ಬಿಟ್ಟದ್ದು ಕೆರೆಗೆ, ಕೆರೆಯದು ಬಾವಿಗೆ, ನಾಲೆಯದು ಗದ್ದೆಗೆ. ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಮುಳುಗೇಳುವವನಿಗೆ ಮೇಲ್ದಂಡೆಯಲ್ಲಿ ಯಾರು ಏನನ್ನು ಸುರಿದರೆಂದು ತಿಳಿಯುವ ದಾರಿಯಿಲ್ಲ.

ಆದುದರಿಂದ ತೊಳೆದ ನೀರನ್ನು ಹಾಗೆಯೇ ಬಿಡಬಾರದು. ಅದನ್ನು ಆಮ್ಲೀಯವಾಗಿಟ್ಟು ಸೋಡಿಯಂ ಬೈಸಲ್ಫೈಟನ್ನು ಸೇರಿಸಿದರೆ ಷಡ್ವೇಲೆನ್ಸಿ ಕ್ರೋಮಿಯಂ ತ್ರಿವೇಲೆನ್ಸಿಗೆ ಇಳಿಯುತ್ತದೆ. ಆಗ ಕಿತ್ತಳೆ ಬಣ್ಣ ಮಾಯವಾಗಿ ಹಸುರು ಮೂಡುತ್ತದೆ. ಬಳಿಕ ಸುಣ್ಣವನ್ನೋ ಕ್ಷಾರವನ್ನೋ ಸೇರಿಸಿದರೆ ಹಸುರು ಕೆಸರು ತಳಕ್ಕೆ ಕೂರುತ್ತದೆ; ಅದನ್ನು ಸೋಸಿ, ಅಪಾಯಕರ ತ್ಯಾಜ್ಯಗಳಿಗೆಂದು ಗೊತ್ತುಮಾಡಿದ ಜಾಗಕ್ಕೆ ಒಪ್ಪಿಸಬೇಕು. ಈ ಕಾರಣಗಳಿಂದಲೇ ಐರೋಪ್ಯ ಒಕ್ಕೂಟವು 2017ರ ಸೆಪ್ಟೆಂಬರಿನಿಂದ ವಿಶೇಷ ಅನುಮತಿಯಿಲ್ಲದೆ ಕ್ರೋಮಿಕ್ ಆಮ್ಲದ ಬಳಕೆಯನ್ನು ತಡೆಯಿತು. ಅಂದಕ್ಕಾಗಿ ಕೊಡುವ ಕಪ್ಪು ಲೇಪವನ್ನು ಈಗ ತ್ರಿವೇಲೆನ್ಸಿ ದ್ರಾವಣಗಳಿಂದಲೂ ಪಡೆಯುತ್ತಾರೆ. ಬಿಸಿಲಿನ ತಗಡುಗಳಿಗೆ ನಿರ್ವಾತದಲ್ಲಿ ಲೇಪ ಕೊಡುವ ವಿಧಾನವೂ ಬೆಳೆದಿದೆ.

ವಿದ್ಯಾರ್ಥಿಗಳಿಗೊಂದು ಪ್ರಯೋಗ

ಕ್ರೋಮಿಕ್ ಆಮ್ಲವನ್ನು ವಿದ್ಯಾರ್ಥಿಗಳು ಮುಟ್ಟಕೂಡದು. ಆದರೂ ಪ್ರವಾಹಕ್ಕೂ ಬಣ್ಣಕ್ಕೂ ಇರುವ ಸಂಬಂಧವನ್ನು ಶಾಲೆಯ ಪ್ರಯೋಗಾಲಯದಲ್ಲಿ ಉಪಾಧ್ಯಾಯರ ಎದುರಿನಲ್ಲಿ ತಾಮ್ರದಿಂದ ನೋಡಬಹುದು. ಮೈಲುತುತ್ತದ ದ್ರಾವಣದಲ್ಲಿ ತಾಮ್ರದ ತುಂಡೊಂದನ್ನು ಧನಧ್ರುವವಾಗಿ, ಹಿತ್ತಾಳೆಯ ಉದ್ದನೆಯ ಪಟ್ಟಿಯೊಂದನ್ನು ಋಣಧ್ರುವವಾಗಿ ಓರೆಯಾಗಿ ನಿಲ್ಲಿಸಿ, ಎರಡು ಮೂರು ಒಣಕೋಶಗಳನ್ನು ಜೋಡಿಸಿ. ಹತ್ತಿರದ ತುದಿಯಲ್ಲಿ ತಾಮ್ರ ಗಾಢವಾದ ಪುಡಿಯಾಗಿಯೂ ದೂರದಲ್ಲಿ ನಸುಗೆಂಪಾಗಿ ನಯವಾಗಿಯೂ ಕೂರುವುದನ್ನು ಗಮನಿಸಿ. ಕೋಶಗಳ ಸಂಖ್ಯೆಯನ್ನು ಮಾತ್ರ ಬದಲಿಸಿ. ಅನಂತರ ದೂರವನ್ನು ಮಾತ್ರ. ಅನಂತರ ದ್ರಾವಣದ ಸಾರತೆಯನ್ನು ಮಾತ್ರ. ಪ್ರತಿಸಲದ ಫಲವನ್ನೂ ಬರೆದಿಡಿ. ದ್ರಾವಣವನ್ನು ಚೆಲ್ಲದೆ ಸೀಸೆಯಲ್ಲಿ ಉಳಿಸಿ.

ಒಮ್ಮೆಗೆ ಒಂದನ್ನೇ ಬದಲಿಸುವುದು, ಬದಲಿಸಿದ್ದನ್ನು ಬರೆದಿಡುವುದು, ಕಂಡದ್ದಕ್ಕೆ ಕಾರಣ ಕೇಳುವುದು: ಈ ಮೂರನ್ನು ಕಲಿತವನು ಕೃಷ್ಣರಾಜಪೇಟೆಯ ನಮ್ಮ ಕಲ್ಪನೆಯ ಕಾರ್ಯಾಗಾರದಲ್ಲಿ ಹತ್ತು ತಗಡುಗಳನ್ನು ಉಳಿಸುತ್ತಿದ್ದನು. ನಾಲ್ಕನೆಯದಾಗಿ, ತನ್ನ ತೊಟ್ಟಿಯ ನೀರು ಎಲ್ಲಿಗೆ ಹೋಗುವುದೆಂದು ಕೇಳಿಕೊಳ್ಳುವುದನ್ನೂ ಕಲಿತರೆ ಕೆಳದಂಡೆಯ ಊರುಗಳ ನೀರನ್ನೂ ಉಳಿಸುವನು.